ಒಣ ಬಟ್ಟೆ

ಪ್ರತಿ ವರ್ಷ ನವರಾತ್ರಿ ಹತ್ತಿರ ಬಂದಾಗ ನಮ್ಮ ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: “ಆಯುಧ ಪೂಜೆಗೆ ಮುಂಚೆ ಕಾರು ಪಾಲಿಶ್ ಮಾಡಿಸಬೇಕು. ಕಡಿಮೆ ರೇಟಿನಲ್ಲಿ ಒಳ್ಳೆಯ ಜಾಗ ಯಾವುದು?” ಅಲ್ ಕೂಜ್ ಎಂದು ಒಬ್ಬರು, ರಾಸ್ ಅಲ್ ಖೋರ್ ಎಂದು ಇನ್ನೊಬ್ಬರು, ಅಬುಧಾಬಿಯವರಾದರೆ ಮುಸಫ್ಫಾ ಎಂದು ಬರೆಯುತ್ತಾರೆ. ನಾನು ಮಾತ್ರ “ಮನೆಯಲ್ಲೇ ಮಾಡಿ, ಕೈಯಲ್ಲೇ ಮಾಡಿ” ಎಂದು ಬರೆಯುತ್ತೇನೆ. ಅದಕ್ಕೆ ನಾಲ್ಕು ನಗುವ ಮುಖಗಳು ಬೀಳುತ್ತವೆ. ಇವನು ದುಡ್ಡು ಬಿಚ್ಚದವನು ಎಂದು ಹೆಚ್ಚಿನವರ ಅಭಿಪ್ರಾಯ. ಅದೂ ಪೂರ್ತಿ ಸುಳ್ಳಲ್ಲ. ಆದರೆ ನಾನು ಕಾರು ಉಜ್ಜಲು ಕಲಿತದ್ದು ದುಡ್ಡು ಉಳಿಸಲಿಕ್ಕಲ್ಲ. ಆ ಕಲಿಕೆಯ ಹಿಂದೆ ನನ್ನದೊಂದು ತಪ್ಪು ಇದೆ. ಗ್ರೂಪಿನಲ್ಲಿ ಬರೆಯುವಂಥದ್ದಲ್ಲ ಎಂದು ಇಷ್ಟು ದಿನ ಬರೆಯಲಿಲ್ಲ. ಈ ವರ್ಷ ಸಂಚಿಕೆಗೆ ಲೇಖನ ಕೇಳಿದಾಗ ಅದನ್ನೇ ಬರೆಯೋಣ ಅನ್ನಿಸಿತು.

ನಾನು ದುಬೈಗೆ ಬಂದದ್ದು 2007ರಲ್ಲಿ, ಸ್ಟೋರ್ ಕೀಪರ್ ಕೆಲಸಕ್ಕೆ. ಲೈಸೆನ್ಸ್ ಸಿಕ್ಕಿದ್ದು ನಾಲ್ಕನೇ ಟೆಸ್ಟಿನಲ್ಲಿ. ಕಾರು ಕೊಳ್ಳುವಷ್ಟು ಧೈರ್ಯ ಬಂದದ್ದು 2016ರಲ್ಲಿ. 2012ರ ಮಾಡೆಲ್‌ನ ಕಪ್ಪು ಕೊರೊಲಾ, ಸೆಕೆಂಡ್ ಹ್ಯಾಂಡ್. ಇಲ್ಲಿನ ಬಿಸಿಲಿಗೆ ಎಲ್ಲರೂ ಬಿಳಿ ಬಣ್ಣದ ಕಾರು ಹುಡುಕುತ್ತಾರೆ. ಕಪ್ಪು ಬಣ್ಣದ್ದು ಸ್ವಲ್ಪ ಅಗ್ಗಕ್ಕೆ ಸಿಕ್ಕಿತು. ನಮ್ಮ ಮನೆಯಲ್ಲಿ ಅದಕ್ಕಿಂತ ಮೊದಲು ಇದ್ದ ವಾಹನವೆಂದರೆ ಬ್ರಹ್ಮಾವರದಲ್ಲಿ ಅಪ್ಪನ ಸೈಕಲ್ ಒಂದೇ. ಆಯುಧ ಪೂಜೆಯ ಬೆಳಿಗ್ಗೆ ಅಪ್ಪ ಅದನ್ನು ಬಾವಿಕಟ್ಟೆಯ ಹತ್ತಿರ ತೊಳೆದು, ಹಳೆ ಲುಂಗಿಯ ತುಂಡಿನಲ್ಲಿ ಒರೆಸಿ, ಚೈನಿಗೆ ತೆಂಗಿನೆಣ್ಣೆ ಬಿಟ್ಟು, ಹ್ಯಾಂಡಲ್‌ಗೆ ಸೇವಂತಿಗೆ ಸಿಕ್ಕಿಸುತ್ತಿದ್ದರು. ಉಳಿದ ದಿನಗಳಲ್ಲೂ ಹೊರಡುವ ಮೊದಲು ಆ ಬಟ್ಟೆಯಲ್ಲಿ ಒಮ್ಮೆ ಒರೆಸದೆ ಹತ್ತಿದವರಲ್ಲ. ನನಗೆ ಬಂದ ಅಭ್ಯಾಸವೂ ಅದೇ. ಗಾಡಿಯ ಮೇಲೆ ಪ್ರೀತಿ ಇದ್ದರೆ ಒರೆಸಬೇಕು, ಅಷ್ಟೇ.

ಅಲ್ ಕುಸೈಸ್‌ನಲ್ಲಿ ನಮ್ಮ ಕಟ್ಟಡಕ್ಕೆ ಮಾಡಿನ ಪಾರ್ಕಿಂಗ್ ಇಲ್ಲ, ಬಯಲಿನದ್ದು. ರಾತ್ರಿ ಇಟ್ಟ ಕಾರಿನ ಮೇಲೆ ಬೆಳಿಗ್ಗೆ ಹಿಟ್ಟು ಜರಡಿ ಹಿಡಿದ ಹಾಗೆ ಧೂಳು. ರಸ್ತೆಯಲ್ಲಿ ನೀರು ಸುರಿದು ತೊಳೆಯುವಂತಿಲ್ಲ. ಹಾಗೆಂದು ಕೊಳೆ ಮೆತ್ತಿದ ಕಾರನ್ನು ಸಾರ್ವಜನಿಕ ಜಾಗದಲ್ಲಿ ಬಿಟ್ಟು ಊರಿಗೆ ಹೋದರೆ ದುಬೈ ಮುನಿಸಿಪಾಲಿಟಿಯವರ 500 ದಿರ್ಹಮ್ ದಂಡ. ಆದ್ದರಿಂದ ನಮ್ಮ ಕಟ್ಟಡದ ಬಹಳಷ್ಟು ಮಂದಿಯಂತೆ ನಾನೂ ಕಾರು ತೊಳೆಯುವ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಂಡಿದ್ದೆ. ಹುಡುಗ ಎಂದರೆ ಮೂವತ್ತೈದು ದಾಟಿದವನು, ತೆಲಂಗಾಣದ ಜಗಿತ್ಯಾಲ ಕಡೆಯವನು. ಒಂದು ಕಂಪನಿಯ ಕೆಳಗೆ ಕೆಲಸ. ವಾರಕ್ಕೆ ಮೂರು ದಿನ, ನಾವು ಏಳುವ ಮೊದಲೇ ಬಕೆಟ್ಟು ಬಟ್ಟೆ ಹಿಡಿದು ಬಂದು ಒದ್ದೆ ಮಾಡಿ ಒರೆಸಿ ಹೋಗುತ್ತಿದ್ದ. ತಿಂಗಳಿಗೆ 120 ದಿರ್ಹಮ್. ಅವನು ಬಾರದ ದಿನಗಳಲ್ಲಿ ನಾನೇ ಡಿಕ್ಕಿಯಿಂದ ಹಳದಿ ಬಟ್ಟೆ ತೆಗೆದು ಬಾನೆಟ್, ಮುಂದಿನ ಗಾಜು, ನನ್ನ ಕಡೆಯ ಬಾಗಿಲು ಇಷ್ಟನ್ನು ಒರೆಸಿ ಡ್ಯೂಟಿಗೆ ಹೊರಡುತ್ತಿದ್ದೆ. ಎರಡು ನಿಮಿಷದ ಕೆಲಸ.

2021ರ ನವೆಂಬರ್‌ನ ಒಂದು ರಾತ್ರಿ ಪೆಟ್ರೋಲ್ ಪಂಪಿನಲ್ಲಿ ನಿಂತಿದ್ದೆ. ಮೇಲಿನ ಎಲ್‌ಇಡಿ ದೀಪದ ಬೆಳಕು ನೇರ ಬಾನೆಟ್ ಮೇಲೆ ಬಿದ್ದಿತ್ತು. ಆ ಬೆಳಕಿನ ಸುತ್ತ ಜೇಡರ ಬಲೆ ಹರಡಿದ ಹಾಗೆ ಸಾವಿರಾರು ಸಣ್ಣ ಸಣ್ಣ ಗೀರುಗಳು. ಹಗಲಲ್ಲಿ ಬರೀ ಮಂಕಾಗಿ ಕಾಣುತ್ತಿದ್ದದ್ದು ಈಗ ಒಂದೊಂದಾಗಿ ಎಣಿಸುವಂತೆ ಕಂಡಿತು. ಹೊಟ್ಟೆ ಉರಿಯಿತು. ಯಾರು ಮಾಡಿದ್ದು ಎಂದು ಯೋಚಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಒಂದೇ ಬಕೆಟ್ ನೀರಿನಲ್ಲಿ ಎಷ್ಟು ಕಾರು ತೊಳೆಯುತ್ತಾನೋ, ಅದೇ ಬಟ್ಟೆಯನ್ನು ಟಯರಿಗೂ ಹಾಕುತ್ತಾನೋ ಏನೋ! ಗೀರುಗಳು ಸುತ್ತು ಸುತ್ತಾಗಿ ಕಂಡದ್ದೂ ನನಗೆ ಸಾಕ್ಷಿಯಾಯಿತು. ಸುತ್ತು ಹಾಕಿ ಉಜ್ಜುವುದು ಅವನಲ್ಲದೆ ಇನ್ಯಾರು?

ಮರುದಿನ ನಾಲ್ಕೂವರೆಗೆ ಎದ್ದು ಕೆಳಗಿಳಿದೆ. “ಏನಿದು, ನೋಡು” ಎಂದು ಮೊಬೈಲ್ ಟಾರ್ಚ್ ಹಿಡಿದೆ. ಅವನು ಬಗ್ಗಿ ನೋಡಿ, “ಸಾರ್, ನಾನು ನೀರು ಹಾಕದೆ ಬಟ್ಟೆ ಮುಟ್ಟಿಸುವುದಿಲ್ಲ” ಎಂದು ಹಿಂದಿಯಲ್ಲಿ ಹೇಳಿದ. ಇನ್ನೂ ಏನೋ ಹೇಳಲು ಹೊರಟವನು ನನ್ನ ಮುಖ ನೋಡಿ ಸುಮ್ಮನಾದ. ಆ ತಿಂಗಳ ದುಡ್ಡು ನಾನು ಕೊಡಲಿಲ್ಲ. ಅವನ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅಷ್ಟಕ್ಕೆ ಬಿಡದೆ ಕಟ್ಟಡದ ಗ್ರೂಪಿನಲ್ಲಿ ಬಾನೆಟ್ಟಿನ ಫೋಟೋ ಹಾಕಿ “ನಿಮ್ಮ ಕಾರನ್ನೂ ನೋಡಿಕೊಳ್ಳಿ” ಎಂದು ಬರೆದೆ. ನಾಲ್ಕೈದು ಮಂದಿ ಅವನನ್ನು ಬಿಟ್ಟರು. ಕೆಲವು ವಾರ ಕಳೆದ ಮೇಲೆ ಅವನು ನಮ್ಮ ಕಟ್ಟಡದಲ್ಲಿ ಕಾಣಲಿಲ್ಲ. ನಾನು ನ್ಯಾಯ ಕೇಳಿದ ಸಮಾಧಾನದಲ್ಲಿದ್ದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಕಾರನ್ನು ನಾನೇ ಒರೆಸತೊಡಗಿದೆ.

ಮರು ವರ್ಷ, 2022ರಲ್ಲಿ, ಜಬಲ್ ಅಲಿಯ ಹೊಸ ಹಿಂದೂ ದೇವಾಲಯದ ಉದ್ಘಾಟನೆ ಅಕ್ಟೋಬರ್ 4ಕ್ಕೆ ಎಂದು ಗೊತ್ತಾಯಿತು. ಆಯುಧ ಪೂಜೆಯೂ ಅದೇ ದಿನ. ದಸರಾ ಮುಗಿದ ವಾರಾಂತ್ಯಕ್ಕೆ ಹೊಸ ಗುಡಿಗೆ ಹೋಗಬೇಕು, ಹೋಗುವಾಗ ಕಾರು ಚೆಂದ ಕಾಣಬೇಕು ಎಂದು ನನ್ನವಳ ಆಸೆ. ಪಾಲಿಶ್‌ಗೆ ಒಂದೆರಡು ಕಡೆ ಕೇಳಿದೆ. ಅವರು ಹೇಳಿದ ರೇಟು ಕೇಳಿ ಅಬುಧಾಬಿಯ ಭಾವನಿಗೆ ಫೋನ್ ಮಾಡಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. 1998ರಲ್ಲಿ ಮುಸಫ್ಫಾಕ್ಕೆ ಬಂದವರು. ಅಲ್ಲಿನ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನಲ್ಲಿ ಹೆಲ್ಪರ್ ಆಗಿ ಶುರು ಮಾಡಿ ಪೇಂಟರ್ ಆದವರು. ಈಗ ಶಹಾಮಾದ ಒಂದು ಹಳೆಯ ವಿಲ್ಲಾದ ಹೊರಗಿನ ಕೋಣೆಯಲ್ಲಿ ವಾಸ. ಎದುರಿಗೆ ಅಂಗಳ, ಅಂಗಳಕ್ಕೆ ಶೀಟಿನ ಮಾಡು. “ಭಾನುವಾರ ಬಾ, ಇಬ್ಬರೇ ಮಾಡುವ. ಅಂಗಡಿಗೆ ಕೊಡುದು ಬೇಡ” ಎಂದರು. ಶನಿವಾರ ಸಂಜೆ ಶೇಖ್ ಜಾಯೆದ್ ರೋಡ್ ಹಿಡಿದು ಹೊರಟೆ.

ತಲುಪಿದಾಗ ಕತ್ತಲೆ. ಕೈ ಕಾಲು ತೊಳೆಯುವ ಮೊದಲೇ ಭಾವ ಟಾರ್ಚ್ ತಂದು ಕಾರಿಗೆ ಒಂದು ಸುತ್ತು ಬಂದರು. ನಾನು ಕ್ಲೀನರ್‌ನ ಕತೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

“ಅವನ ವಿಷಯ ಆಮೇಲೆ. ನೀನು ಎಂತದ್ರಲ್ಲಿ ಒರೆಸುದು?”

ಡಿಕ್ಕಿಯಿಂದ ಹಳದಿ ಬಟ್ಟೆ ತೆಗೆದು ಕೊಟ್ಟೆ. ಅವರು ಒಳಗಿನಿಂದ ಒಂದು ಬಿಳಿ ಕಾಗದ ತಂದು ಅದರ ಮೇಲೆ ಬಟ್ಟೆಯನ್ನು ಎರಡು ಸಲ ಒದರಿದರು. ಕಾಗದದ ಮೇಲೆ ಬಿದ್ದದ್ದನ್ನು ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾಕಿ ತಿಕ್ಕಿಸಿದರು. ಕರಕರ ಎಂದಿತು.

“ಇದು ಊರಿನ ಧೂಳಲ್ಲ ಮಾರಾಯ, ಮರಳು. ಬೆಣಚುಕಲ್ಲಿನ ಪುಡಿ ಉಂಟು ಇದರಲ್ಲಿ. ಮನೆಯ ಚಾಕುವಿನ ಉಕ್ಕಿಗಿಂತ ಗಟ್ಟಿ. ಇದರ ಮೇಲೆ ಒಣ ಬಟ್ಟೆ ಒತ್ತಿ ಎಳೆದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ.”

“ಅವನೂ ತಿಕ್ಕಿರಬಹುದಲ್ಲ ಭಾವ?” ಎಂದೆ.

ಅವರು ಮಾತಾಡದೆ ಒಂದು ಸ್ಟೂಲು ತಂದಿಟ್ಟು ಟಾರ್ಚನ್ನು ನನ್ನ ಕೈಗೆ ಕೊಟ್ಟು ಕಾರಿನ ಟಾಪ್ ನೋಡಲು ಹೇಳಿದರು. ಹತ್ತಿ ನೋಡಿದೆ. ಬಿಸಿಲಿಗೆ ಸ್ವಲ್ಪ ಮಸುಕಾಗಿತ್ತು, ನೀರಿನ ಕಲೆ ಇತ್ತು. ಆದರೆ ಬಾನೆಟ್ ಮೇಲಿದ್ದ ಆ ಬಲೆ ಅಲ್ಲಿರಲಿಲ್ಲ. ಅಲ್ಲೊಂದು ಇಲ್ಲೊಂದು ಗೀರು, ಅಷ್ಟೇ.

“ಅವನು ತೊಳೆಯುವಾಗ ಟಾಪ್ ಬಿಟ್ಟು ತೊಳೆಯುತ್ತಿದ್ದನಾ?”

“ಇಲ್ಲ, ಪೂರ್ತಿ ತೊಳೆಯುತ್ತಿದ್ದ.”

“ನೀನು?”

ನನಗೆ ಟಾಪ್ ಎಟುಕುವುದಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಒರೆಸಿದವನಲ್ಲ. ಹಿಂದಿನ ಎಡ ಬಾಗಿಲನ್ನೂ ಒರೆಸಿದವನಲ್ಲ. ಭಾವ ಅಲ್ಲಿಗೂ ಟಾರ್ಚ್ ಹಿಡಿದರು. ಅದೂ ಹಾಗೆಯೇ ಇತ್ತು. ಸುತ್ತು ಸುತ್ತಾಗಿ ಕಾಣುವುದಕ್ಕೂ ಕೈ ಸುತ್ತು ಹಾಕಿದ್ದಕ್ಕೂ ಸಂಬಂಧವಿಲ್ಲ ಎಂದರು. ಗೀರು ಹೇಗೇ ಬಿದ್ದಿರಲಿ, ದೀಪಕ್ಕೆ ಅಡ್ಡವಾಗಿರುವವು ಮಾತ್ರ ಹೊಳೆಯುತ್ತವೆ. ಹಾಗಾಗಿ ದೀಪದ ಸುತ್ತ ಚಕ್ರದಂತೆ ಕಾಣುತ್ತದೆ. ಟಾರ್ಚ್ ಸರಿಸಿದರು. ಚಕ್ರವೂ ಅದರ ಜೊತೆಗೆ ಸರಿಯಿತು.

ಆ ರಾತ್ರಿ ಊಟಕ್ಕೆ ಭಾವ ಬಂಗುಡೆ ಸಾರು ಮಾಡಿದ್ದರು. ನನಗೆ ಸೇರಲಿಲ್ಲ.

ಬೆಳಿಗ್ಗೆ ಐದೂವರೆಗೆ ಶುರು ಮಾಡಿದೆವು. ಇಲ್ಲಿ ಅಕ್ಟೋಬರ್ ಎಂದರೂ ಬಿಸಿಲೇರಿದ ಮೇಲೆ ಕಬ್ಬಿಣ ಮುಟ್ಟಲಾಗದು. ಬಿಸಿಯಾದ ಬಾನೆಟ್ ಮೇಲೆ ಶಾಂಪೂ, ಪಾಲಿಶ್ ಏನು ಹಾಕಿದರೂ ಒರೆಸುವ ಮೊದಲೇ ಒಣಗಿ ಹಿಡಿದುಕೊಳ್ಳುತ್ತದೆ. ಅಂಗೈ ಇಟ್ಟು ಹತ್ತೆಣಿಸುವಷ್ಟು ತಣ್ಣಗಿದ್ದರೆ ಮಾತ್ರ ಕೆಲಸ. ಇದು ಮೊದಲ ಪಾಠ.

ಎರಡು ಬಕೆಟ್ ಇಟ್ಟರು. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅದು ಇದ್ದ ವ್ಯಾಕ್ಸನ್ನೂ ಎಬ್ಬಿಸಿ ಹಾಕುತ್ತದೆ. ಮೊದಲು ಬರೀ ನೀರು ಬಿಟ್ಟು ಮರಳು ಇಳಿಸಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ, ಒಂದೊಂದು ಭಾಗ ಆದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಮತ್ತೆ ಶಾಂಪೂವಿಗೆ ಅದ್ದಬೇಕು. ಮುಗಿದ ಮೇಲೆ ಆ ಎರಡನೇ ಬಕೆಟ್ಟಿನ ತಳ ನೋಡಿದೆ. ಒಂದು ಹಿಡಿ ಮರಳು. ಟಯರು, ರಿಮ್ಮಿಗೆ ಬೇರೆಯೇ ಬಟ್ಟೆ. ಒಣಗಿಸಲು ಮೈಕ್ರೋಫೈಬರ್ ಟವೆಲನ್ನು ಹಾಸಿ ಒತ್ತಿ ತೆಗೆಯಬೇಕು, ಉಜ್ಜಬಾರದು. ತನ್ನಷ್ಟಕ್ಕೆ ಒಣಗಲಿ ಎಂದು ಬಿಟ್ಟರೆ ನೀರಿನ ಹನಿಯಲ್ಲಿರುವ ಲವಣ ಕಲೆಯಾಗಿ ಕೂರುತ್ತದೆ.

ಆಮೇಲೆ ಕ್ಲೇ. ಮಕ್ಕಳು ಆಡುವ ಮಣ್ಣಿನ ಮುದ್ದೆಯಂಥದ್ದು. ತೊಳೆದ ಬಾನೆಟ್ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಸವರಿದರೆ, ಕಣ್ಣಿಗೆ ಕಾಣದ್ದು ತರಿತರಿಯಾಗಿ ಕೈಗೆ ಸಿಗುತ್ತದೆ. ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ ಹೀಗೆ ಬಣ್ಣಕ್ಕೆ ಕಚ್ಚಿಕೊಂಡ ಎಲ್ಲವೂ. ಶಾಂಪೂ ನೀರು ಚಿಮುಕಿಸಿ ಕ್ಲೇಯನ್ನು ಮೆಲ್ಲಗೆ ಜಾರಿಸಿದರೆ ಅವು ಅದಕ್ಕೆ ಅಂಟಿ ಬರುತ್ತವೆ. ಕೈಜಾರಿ ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಮುಟ್ಟಿಸಬಾರದು, ಎಸೆಯಬೇಕು. ನಾನು ಒಂದು ತುಂಡು ಬೀಳಿಸಿದೆ. ಭಾವ ಏನೂ ಹೇಳದೆ ಅದನ್ನು ಕಸಕ್ಕೆ ಹಾಕಿ ಬೇರೆ ತುಂಡು ಕೊಟ್ಟರು.

ಪಾಲಿಶ್ ಹಚ್ಚುವ ಮೊದಲು ಅವರು ಹೇಳಿದ ಮಾತು ನನಗೆ ಹೊಸದು. ಪಾಲಿಶ್ ಎಂದರೆ ಹೊಳಪನ್ನು ಮೇಲಿಂದ ಬಳಿಯುವುದು ಎಂದು ತಿಳಿದಿದ್ದೆ. ಅದು ತೆಗೆಯುವ ಕೆಲಸ. ಕಾರಿನ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್. ಅದರ ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಗೀರುಗಳು ಬಿದ್ದಿರುವುದು ಅದರಲ್ಲಿ. ಪಾಲಿಶ್‌ನಲ್ಲಿರುವ ನುಣ್ಣನೆಯ ಪುಡಿ ಆ ಪದರವನ್ನು ಒಂದಿಷ್ಟು ಸವೆಸಿ ಗೀರಿನ ಅಂಚುಗಳನ್ನು ಸಮ ಮಾಡುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಅಳಿಸಲು ಹೋಗಬಾರದು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ಬಾಡಿಯ ಅಂಚು, ಏಣುಗಳಲ್ಲಿ ಒತ್ತಡ ಹಾಕಬಾರದು, ಅಲ್ಲಿ ಪದರ ಇನ್ನೂ ತೆಳು.

ಸ್ಪಂಜಿನ ಪ್ಯಾಡಿಗೆ ಬಟಾಣಿ ಗಾತ್ರದ ಮೂರು ಬೊಟ್ಟು ಪಾಲಿಶ್. ಒಂದು ಸಲಕ್ಕೆ ಒಂದೂವರೆ ಅಡಿ ಚೌಕ, ಅದಕ್ಕಿಂತ ಹೆಚ್ಚಿಲ್ಲ. ಉದ್ದಕ್ಕೆ ಕೆಲವು ಸಲ, ಅಡ್ಡಕ್ಕೆ ಕೆಲವು ಸಲ, ಒಂದೇ ಹದದಲ್ಲಿ. ಮೊದಲ ಚೌಕ ಒರೆಸಿ ನೋಡಿದಾಗ ಗೀರೇ ಇಲ್ಲ! “ಭಾವ, ಹೋಯ್ತು!” ಎಂದು ಕೂಗಿದೆ. ಅವರು ಸ್ಪಿರಿಟ್‌ಗೆ ನೀರು ಬೆರೆಸಿದ್ದ ಸ್ಪ್ರೇ ಬಾಟಲಿ ತಂದು ಅಲ್ಲಿಗೆ ಹೊಡೆದು ಒರೆಸಿದರು. ಅರ್ಧದಷ್ಟು ಗೀರು ಮತ್ತೆ ಕಂಡಿತು. ಪಾಲಿಶ್‌ನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿ ಮುಚ್ಚುತ್ತದಂತೆ. ಸ್ಪಿರಿಟ್ ಹಾಕಿ ಎಣ್ಣೆ ತೆಗೆದ ಮೇಲೆ ಕಾಣುವುದೇ ನಿಜ. ಎಷ್ಟೋ ಕಡೆ ಹೊಳೆಯುವಂತೆ ಮಾಡಿ ಕಳಿಸಿದ ಕಾರು ನಾಲ್ಕು ವಾಶ್ ಆದ ಮೇಲೆ ಮೊದಲಿನಂತಾಗುವುದು ಇದರಿಂದಲೇ.

ಮತ್ತೆ ಉಜ್ಜಿದೆ. ಬಾನೆಟ್ ಒಂದಕ್ಕೇ ಎರಡು ಗಂಟೆಯ ಮೇಲೆ ಹಿಡಿಯಿತು. ಮೆಷಿನ್ ಇದ್ದರೆ ಇದಕ್ಕಿಂತ ಬೇಗ, ಇದಕ್ಕಿಂತ ಚೆನ್ನಾಗಿ ಆಗುತ್ತಿತ್ತು. ಆದರೆ ಗೊತ್ತಿಲ್ಲದವನ ಕೈಗೆ ಮೆಷಿನ್ ಕೊಟ್ಟರೆ ಕ್ಲಿಯರ್ ಕೋಟನ್ನೇ ಸುಟ್ಟುಬಿಡುತ್ತಾನೆ. ಕೈಯಲ್ಲಿ ಅಷ್ಟು ದೊಡ್ಡ ತಪ್ಪು ಮಾಡುವ ಮೊದಲು ತೋಳೇ ಸೋಲುತ್ತದೆ. ನನ್ನ ತೋಳು ಸೋತಿತ್ತು. ಉಜ್ಜುತ್ತಿದ್ದಷ್ಟು ಹೊತ್ತೂ ಅವನ ನೆನಪು. ನಾಲ್ಕೂವರೆ ಗಂಟೆಯ ಕತ್ತಲೆಯಲ್ಲಿ ಬಗ್ಗಿ ನೋಡಿದ ಆ ಮುಖ. ಒಂದು ಕಾರಿಗೇ ನನಗೆ ಹೀಗಾದರೆ, ಅವನು ಬೆಳಗಾಗುವ ಮೊದಲು ಎಷ್ಟು ಕಾರು ಮುಗಿಸುತ್ತಿದ್ದನೋ.

ಕೊನೆಗೆ ವ್ಯಾಕ್ಸ್. ಡಬ್ಬಿಯ ಮೇಲೆ ಕಾರ್ನೌಬಾ ಎಂದು ಬರೆದಿತ್ತು. ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಮೇಣ, ಸುಮಾರು 82 ಡಿಗ್ರಿ ಮುಟ್ಟಿದ ಮೇಲೆಯೇ ಕರಗುವುದು. ಆದರೂ ಇಲ್ಲಿನ ಬೇಸಿಗೆಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಸಿಂಥೆಟಿಕ್ ಸೀಲಂಟ್ ಒಳ್ಳೆಯದು, ಚಳಿಗಾಲಕ್ಕೆ ಮೇಣ ಸಾಕು. ತೆಳುವಾಗಿ ಹಚ್ಚಿ, ಮಬ್ಬು ಕಟ್ಟುವವರೆಗೆ ಕಾದು, ಒಳ್ಳೆಯ ಟವೆಲಿನಲ್ಲಿ ಮೆತ್ತಗೆ ಒರೆಸಬೇಕು. ಮಧ್ಯಾಹ್ನ ಹನ್ನೊಂದೂವರೆಗೆ ಮುಗಿಯಿತು. ಬಾನೆಟ್‌ನಲ್ಲಿ ಶೀಟಿನ ಮಾಡಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಆಳದ ಕೆಲವು ಗೀರು ಉಳಿದವು. “ಅದು ಇರಲಿ” ಎಂದರು ಭಾವ.

ಮುಂದಿನ ಭಾನುವಾರ ಜಬಲ್ ಅಲಿಯ ದೇವಾಲಯಕ್ಕೆ ಹೋಗಿ ಬಂದೆವು. ಕಾರು ಚೆನ್ನಾಗಿದೆ ಎಂದು ಕಟ್ಟಡದವರು ಇಬ್ಬರು ಕೇಳಿದರು. ಅವರಲ್ಲಿ ಒಬ್ಬರು ನನ್ನ ಫೋಟೋ ನೋಡಿ ಕ್ಲೀನರ್‌ನನ್ನು ಬಿಟ್ಟವರು. ಅವರ ಕಾರಿನ ಹಿಂದಿನ ಸೀಟಿನ ಮೇಲೂ ಒಂದು ಹಳದಿ ಬಟ್ಟೆ ಇತ್ತು.

ಅವನನ್ನು ಹುಡುಕಲು ಎರಡು ವಾರ ಬೇಕಾಯಿತು. ನಮ್ಮ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಕೊನೆಗೆ ಗ್ರೋಸರಿಯವನು ಹೇಳಿದ: ಅಲ್ ನಹ್ದಾ ಕಡೆ ಕಟ್ಟಡವೊಂದರಲ್ಲಿ ಇದ್ದಾನೆ. ಬೆಳಿಗ್ಗೆ ಐದಕ್ಕೆ ಹೋದೆ. ಬಕೆಟ್ಟಿನ ಪಕ್ಕ ಕೂತು ಬಟ್ಟೆ ಹಿಂಡುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮತ್ತೆ ಏನೋ ದೂರು ತಂದಿದ್ದೇನೆ ಎಂದುಕೊಂಡಿರಬೇಕು.

“ಭಾಯ್, ಗೀರು ಹಾಕಿದ್ದು ನೀವಲ್ಲ, ನಾನೇ” ಎಂದೆ. ಇನ್ನೂ ದೊಡ್ಡ ಮಾತುಗಳನ್ನು ಹಿಂದಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಅಷ್ಟೇ.

“ಗೊತ್ತು ಸಾರ್” ಎಂದ. “ನಿಮ್ಮ ಒಣ ಬಟ್ಟೆ ನಾನು ನೋಡಿದ್ದೆ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀವು ಕೇಳುತ್ತಿದ್ದಿರಾ?”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಕೊಡದ ಆ 120 ದಿರ್ಹಮನ್ನು ಕಂಪನಿ ಅವನ ಸಂಬಳದಲ್ಲಿ ಹಿಡಿದಿತ್ತು ಎಂದು ಆಗ ತಿಳಿಯಿತು. 500ರ ನೋಟು ಕೊಟ್ಟೆ. ತಗೊಳ್ಳಲಿಲ್ಲ. ಜೇಬು ತಡಕಿ 120 ಹೊಂದಿಸಿ ಕೊಟ್ಟೆ. ಅದನ್ನು ಎಣಿಸಿ ತಗೊಂಡ. ಮತ್ತೆ ನಮ್ಮ ಕಟ್ಟಡಕ್ಕೆ ಬನ್ನಿ ಎಂದು ಕರೆದೆ. ಇಲ್ಲಿ ಕಾರುಗಳು ಸಾಕಷ್ಟು ಸಿಕ್ಕಿವೆ ಸಾರ್, ಎಂದ. ಒದ್ದೆ ಕೈ ಪ್ಯಾಂಟಿಗೆ ಒರೆಸಿ ನನ್ನ ಕೈ ಕುಲುಕಿ, ಬೆಳಕಾಗುವ ಮೊದಲು ಇನ್ನೂ ಆರು ಕಾರು ಇದೆ ಎಂದು ಬಕೆಟ್ ಎತ್ತಿದ. ಆ ಸಂಜೆ ಕಟ್ಟಡದ ಗ್ರೂಪಿನಲ್ಲಿ ನನ್ನ ಹಳೆಯ ಫೋಟೋವನ್ನು ಮತ್ತೆ ಹಾಕಿ ಅದರ ಕೆಳಗೆ ನಿಜ ಏನೆಂದು ಬರೆದೆ. ಯಾರೂ ಏನೂ ಉತ್ತರಿಸಲಿಲ್ಲ.

ಈಗ ನಮ್ಮ ಕಾರು ತೊಳೆಯಲು ಬೇರೊಬ್ಬ ಬರುತ್ತಾನೆ. ಅವನು ಬಾರದ ದಿನ ಧೂಳು ಇದ್ದರೆ ಇರಲಿ ಎಂದು ಹಾಗೇ ಹೊರಡುತ್ತೇನೆ. ಗಾಜಿಗೆ ಮಾತ್ರ ವೈಪರ್ ನೀರು. ವರ್ಷಕ್ಕೆ ಒಮ್ಮೆ, ನವರಾತ್ರಿಯ ವಾರದಲ್ಲಿ, ಶಹಾಮಾದ ಅಂಗಳದಲ್ಲಿ ತೊಳೆದು ವ್ಯಾಕ್ಸ್ ಹಾಕುತ್ತೇವೆ. ಪಾಲಿಶ್ ಪ್ರತಿ ವರ್ಷ ಬೇಡ, ಇರುವ ಪದರ ಉಳಿಯಲಿ ಎನ್ನುತ್ತಾರೆ ಭಾವ. ಗ್ರೂಪಿನಲ್ಲಿ ಪ್ರಶ್ನೆ ಕೇಳುವವರು ಬೇಕಾದರೆ ನಮ್ಮ ಜೊತೆ ಬರಬಹುದು. ಬರುವಾಗ ಎರಡು ಬಕೆಟ್ ತನ್ನಿ, ಟವೆಲ್ ತನ್ನಿ. ಕಾರಿನ ಬಾನೆಟ್ ನೋಡಿ ಯಾರ ಮೇಲಾದರೂ ಸಿಟ್ಟು ಬಂದಿದ್ದರೆ, ಹೊರಡುವ ಮೊದಲು ಒಂದು ಸ್ಟೂಲು ಹತ್ತಿ ಟಾಪ್ ಕೂಡ ನೋಡಿ ಬನ್ನಿ.